ಚೀನದ ಅಂತರಂಗ ಮುಷ್ಟಿವಿದ್ಯೆಯೂ ಕ್ರೈಸ್ತ ಅಂತಃಸಾಕ್ಷಿಯೂ: ಒಂದು ವಿಮರ್ಶೆ

ಚೀನದ ಮುಷ್ಟಿವಿದ್ಯೆಗಳಲ್ಲಿ ತಾಯ್‌ಜಿ, ಶಿಂಗ್‌ಯಿ, ಬಾಗ್ವಾ ಎಂಬ ಮೂರನ್ನು ಅಂತರಂಗ ಶಾಖೆಯೆಂದು ಕರೆಯುವುದು ರೂಢಿ. ತೋಳಿನ ಬಲಕ್ಕಿಂತ ಉಸಿರಿನ ಹದಕ್ಕೂ ಮನಸ್ಸಿನ ಏಕಾಗ್ರತೆಗೂ ಇವು ಹೆಚ್ಚಿನ ಪ್ರಾಧಾನ್ಯವನ್ನು ಕೊಡುತ್ತವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇವು ಯೂರೋಪು, ಅಮೆರಿಕಗಳಲ್ಲಿ ಹಬ್ಬಿದಂತೆಲ್ಲ, ಕ್ರೈಸ್ತನಾದವನು ಇವನ್ನು ಅಭ್ಯಾಸಮಾಡಬಹುದೆ ಎಂಬ ಪ್ರಶ್ನೆಯೂ ಹಬ್ಬಿತು. ಪ್ರಶ್ನೆ ಕ್ಷುಲ್ಲಕವಾದುದಲ್ಲ. ಕೀಲುನೋವಿಗೆಂದು ತಾಯ್‌ಜಿ ಕಲಿಯಹೊರಟ ವೃದ್ಧೆಯೊಬ್ಬಳಿಗೆ ಇದರಿಂದ ತನ್ನ ವಿಶ್ವಾಸಕ್ಕೆ ಚ್ಯುತಿ ಬಂದೀತೆ ಎಂಬ ಶಂಕೆ ಹುಟ್ಟಿದರೆ, ಆಕೆಗೆ ದೊರೆಯುವ ಉತ್ತರ ಆಕೆಯ ಮನಶ್ಶಾಂತಿಯನ್ನೇ ನಿರ್ಣಯಿಸುತ್ತದೆ. ಅಂತಹ ಉತ್ತರಗಳು ಎಂತಹ ಚರಿತ್ರೆಯನ್ನು ಆಧರಿಸಿವೆಯೆಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ. ದೈವಶಾಸ್ತ್ರದ ತೀರ್ಪು ಇತಿಹಾಸಕಾರನ ಅಧಿಕಾರಕ್ಕೆ ಸೇರಿದುದಲ್ಲ.

ಉತ್ತರಗಳು ಸ್ಥೂಲವಾಗಿ ಎರಡು ಬಗೆ. ಈ ವಿದ್ಯೆ ದಾವ್ ಮತದಿಂದ ಹುಟ್ಟಿತು, ಬೇರಿನಲ್ಲಿರುವುದು ಫಲದಲ್ಲಿಯೂ ಇರುತ್ತದೆ, ಆದುದರಿಂದ ತ್ಯಾಜ್ಯ ಎಂಬುದು ಒಂದು. ಇದು ಕೇವಲ ವ್ಯಾಯಾಮ, ಮತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಇನ್ನೊಂದು. ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡು ವಾದಗಳಿಗೂ ಆಧಾರಭೂತವಾದ ಭಾವನೆ ಒಂದೇ: ಒಂದು ಆಚರಣೆಗೆ ಎಲ್ಲ ಕಾಲಕ್ಕೂ ಒಂದೇ ಅರ್ಥವಿರುತ್ತದೆ ಎಂಬುದು. ಚರಿತ್ರೆ ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. ‘ತಾಯ್ ಚಿ’ ಎಂಬಲ್ಲಿಯ ‘ಚಿ’ ಶಬ್ದವನ್ನು ಪ್ರಾಣಶಕ್ತಿವಾಚಕವಾದ ‘ಚೀ’ ಎಂದು ತಿಳಿದು ವಾದ ಹೂಡುವವರು ಅನೇಕರು. ಹಳೆಯ ರೋಮನ್ ಲಿಪ್ಯಂತರದಲ್ಲಿ ಎರಡೂ ಹೆಚ್ಚುಕಡಮೆ ಒಂದೇ ರೀತಿ ಕಾಣುವುದರಿಂದ ಹುಟ್ಟಿದ ಭ್ರಾಂತಿ ಇದು. ಚೀನೀ ಬರಹದಲ್ಲಿ ಇವು ಬೇರೆ ಬೇರೆ ಅಕ್ಷರಗಳು. ‘ತಾಯ್‌ಜಿ’ ಎಂದರೆ ಪರಮಾವಧಿ, ಪರಾಕಾಷ್ಠೆ. ಇನ್ನು ‘ಚೀ’ ಎಂಬ ಶಬ್ದವಾದರೂ ಒಂದು ಮತದ ಸೊತ್ತಲ್ಲ. ಕನ್‌ಫ್ಯೂಷಿಯಸ್ ಪಂಥದ ಮೆನ್‌ಸಿಯಸ್ ಅದನ್ನು ನೈತಿಕ ಧೈರ್ಯದ ಅರ್ಥದಲ್ಲಿ ಬಳಸಿದ್ದಾನೆ. ಹವೆ, ಕೋಪ ಎಂಬ ಅರ್ಥದ ದಿನಬಳಕೆಯ ಚೀನೀ ಪದಗಳಲ್ಲಿಯೂ ಅದೇ ಅಕ್ಷರವಿದೆ. ಉಸಿರು, ಗಾಳಿ, ಚೈತನ್ಯ ಎಂಬ ಅರ್ಥಗಳು ಒಂದೇ ಪದದಲ್ಲಿ ಕೂಡಿರುವುದು ಬೈಬಲಿನ ಹೀಬ್ರೂ, ಗ್ರೀಕ್ ಶಬ್ದಗಳಲ್ಲಿಯೂ ಉಂಟು. ‘ಪ್ರಾಣ’ ಶಬ್ದದ ವ್ಯಾಪ್ತಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ‘ತಾಯ್‌ಜಿ’ ತತ್ತ್ವವನ್ನು ಕ್ರೈಸ್ತ ದೃಷ್ಟಿಯಿಂದ ಖಂಡಿಸಿದವರಲ್ಲಿ ಪ್ರಮುಖನು ಜೆಸುಯಿಟ್ ಪಾದ್ರಿ ಮತ್ತೆಯೊ ರಿಚ್ಚಿ. 1603ರಲ್ಲಿ ಚೀನೀ ಭಾಷೆಯಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಆ ತತ್ತ್ವ ಸೃಷ್ಟಿಕರ್ತನ ಸ್ಥಾನವನ್ನು ಪಡೆಯಲಾರದೆಂದು ಅವನು ವಾದಿಸಿದನು. ಆದರೆ ಅವನ ಎದುರಿಗಿದ್ದುದು ಸೋಂಗ್ ಕಾಲದ ಕನ್‌ಫ್ಯೂಷಿಯನ್ ಪಂಡಿತರ ಜಗತ್ತತ್ತ್ವವೇ ಹೊರತು ಮುಷ್ಟಿವಿದ್ಯೆಯಲ್ಲ. ಮುಷ್ಟಿವಿದ್ಯೆಗೆ ಆ ಹೆಸರು ಬಳಕೆಯಾದುದಕ್ಕೆ ಹತ್ತೊಂಬತ್ತನೆಯ ಶತಮಾನಕ್ಕೆ ಮುಂಚಿನ ದೃಢವಾದ ಆಧಾರ ದೊರೆತಿಲ್ಲ. ತತ್ತ್ವದ ಖಂಡನೆಯನ್ನು ವ್ಯಾಯಾಮಕ್ಕೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ.

ಉತ್ಪತ್ತಿವಾದದ ಸ್ಥಿತಿಯೂ ಇಂತಹದೇ. ಅಂತರಂಗ, ಬಹಿರಂಗ ಎಂಬ ವಿಭಾಗ ಮೊದಲು ಕಂಡುಬರುವುದು 1669ರಲ್ಲಿ ಹ್ವಾಂಗ್ ಜೋಂಗ್‌ಶಿ ಬರೆದ ಒಂದು ಸಮಾಧಿಲೇಖದಲ್ಲಿ. ಶಾವೊಲಿನ್ ಬೌದ್ಧ ವಿಹಾರದ ವಿದ್ಯೆಗೆ ಪ್ರತಿಯಾಗಿ ಅಂತರಂಗ ವಿದ್ಯೆಯನ್ನು ನಿಲ್ಲಿಸಿ, ಇದರ ಮೂಲಪುರುಷ ವುದಾಂಗ್ ಪರ್ವತದ ದಾವ್ ಸಿದ್ಧ ಜಾಂಗ್ ಸಾನ್‌ಫೆಂಗ್ ಎಂದು ಅವನು ಹೇಳಿದನು. ಹ್ವಾಂಗ್ ಮಂಚೂ ಆಳ್ವಿಕೆಯನ್ನು ವಿರೋಧಿಸಿದವನು. ಬೌದ್ಧಮತ ಹೊರಗಿನಿಂದ ಬಂದುದು, ದಾವ್ ಮತ ದೇಶೀಯವಾದುದು. ಆದುದರಿಂದ ಈ ವಿಭಾಗದಲ್ಲಿ ರಾಜಕೀಯ ಧ್ವನಿಯಿದೆಯೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. 1930ರಲ್ಲಿ ತಾಂಗ್ ಹಾವ್ ಎಂಬ ಸಂಶೋಧಕ ಸಾನ್‌ಫೆಂಗನ ಕಥೆಯನ್ನು ನಿರಾಧಾರವೆಂದು ತಳ್ಳಿಹಾಕಿ, ಮುಂದೆ ತಾಯ್‌ಜಿಯ ಮೂಲವನ್ನು ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಯಲ್ಲಿ ಗುರುತಿಸಿದನು. ‘ದಾವ್ ಮತದ ಬೇರು’ ಎಂದು ವಿರೋಧಿಗಳು ಹೇಳುವುದು ಬಹುಮಟ್ಟಿಗೆ ಹಿಂದಿನಿಂದ ಜೋಡಿಸಿದ ವಂಶಾವಳಿ.

ಹಾಗಾದರೆ ‘ಕೇವಲ ವ್ಯಾಯಾಮ’ ಎಂಬ ವಾದ ಗೆದ್ದಿತೆ? ಅದೂ ಇಲ್ಲ. ವಂಶಾವಳಿ ಕಲ್ಪಿತವಾದರೂ ಅದನ್ನು ನಂಬಿದವರ ನಂಬಿಕೆ ಕಲ್ಪಿತವಲ್ಲ. ಸುನ್ ಲುತಾಂಗ್ 1915ರಿಂದ 1921ರವರೆಗೆ ಪ್ರಕಟಿಸಿದ ಗ್ರಂಥಗಳಲ್ಲಿ ಮೂರು ಶಾಖೆಗಳನ್ನೂ ಒಂದುಗೂಡಿಸಿ, ಅವುಗಳ ಗುರಿಯನ್ನು ದಾವ್ ಸಾಧನೆಯೊಂದಿಗೆ ಬುದ್ಧಿಪೂರ್ವಕವಾಗಿ ಬೆಸೆದನು. 2020ರಲ್ಲಿ ಯುನೆಸ್ಕೊ ತಾಯ್‌ಜಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ದಾವ್, ಕನ್‌ಫ್ಯೂಷಿಯನ್ ವಿಚಾರಗಳ ಪ್ರಭಾವವನ್ನು ಎತ್ತಿ ಹೇಳಿತು. ಇದಕ್ಕೂ ಮಿಗಿಲಾಗಿ, 1900ರ ನೆನಪೊಂದಿದೆ. ಉತ್ತರ ಚೀನದಲ್ಲಿ ದಂಗೆಯೆದ್ದ ‘ಬಾಕ್ಸರರು’ ಮುಷ್ಟಿಸಾಧನೆಯೊಂದಿಗೆ ದೇವತೆಗಳನ್ನು ಮೈಮೇಲೆ ಆವಾಹಿಸಿಕೊಂಡು, ಗುಂಡು ತಮ್ಮನ್ನು ತಾಗದೆಂದು ನಂಬಿ, ಸಾವಿರಾರು ಚೀನೀ ಕ್ರೈಸ್ತರನ್ನು ಕೊಂದರು. 2000ದ ಅಕ್ಟೋಬರ್ 1ರಂದು ರೋಮಿನಲ್ಲಿ ಸಂತರೆಂದು ಘೋಷಿತರಾದ ಚೀನದ 120 ಹುತಾತ್ಮರಲ್ಲಿ ಬಹುಮಂದಿ ಆ ವರ್ಷ ಮಡಿದವರು. ಬಾಕ್ಸರರ ಸಾಧನೆ ಅಂತರಂಗ ಶಾಖೆಯದಲ್ಲ, ನಿಜ. ಆದರೂ ಮುಷ್ಟಿವಿದ್ಯೆಗೂ ಆವಾಹನೆಗೂ ಸಂಬಂಧವೇ ಇಲ್ಲವೆಂದು ಆ ಹಳ್ಳಿಗಳ ಕ್ರೈಸ್ತ ಮನೆತನಗಳಿಗೆ ಹೇಳಲು ಯಾರಿಗೂ ನಾಲಗೆ ಬಾರದು. ವಿರೋಧವೆಲ್ಲ ಅಜ್ಞಾನವೆಂದು ನಗುವವರು ಈ ರಕ್ತವನ್ನು ಮರೆತಿದ್ದಾರೆ.

ಒಂದು ಆಚರಣೆಯ ಅರ್ಥ ಕಾಲಕ್ರಮದಲ್ಲಿ ಮಾರ್ಪಡಬಹುದೆಂಬುದನ್ನು ಕ್ಯಾಥೊಲಿಕ್ ಸಭೆಯೇ ಚೀನದ ವಿಷಯದಲ್ಲಿ ಒಮ್ಮೆ ಒಪ್ಪಬೇಕಾಯಿತು. ಪಿತೃಗಳಿಗೂ ಕನ್‌ಫ್ಯೂಷಿಯಸನಿಗೂ ಸಲ್ಲಿಸುವ ಗೌರವ ಲೌಕಿಕವೆಂದು ಜೆಸುಯಿಟರು ವಾದಿಸಿದರು. 1700ರಲ್ಲಿ ಕಾಂಗ್‌ಶಿ ಚಕ್ರವರ್ತಿಯೂ ಹಾಗೆಯೇ ಹೇಳಿದನು. ರೋಮ್ 1704, 1715, 1742ರ ಆಜ್ಞೆಗಳಿಂದ ಅದನ್ನು ನಿಷೇಧಿಸಿತು. ಕೊನೆಗೆ 1939ರ ಡಿಸೆಂಬರಿನಲ್ಲಿ, ಕಾಲ ಬದಲಾಗಿ ಆ ವಿಧಿಗಳು ಈಗ ನಾಗರಿಕ ಗೌರವದ ಸೂಚಕಗಳಾಗಿವೆಯೆಂದು ಅನುಮತಿ ದೊರೆಯಿತು. ನಡುವಣ ಎರಡು ಶತಮಾನಗಳಲ್ಲಿ ಎಷ್ಟೋ ಚೀನೀ ಕ್ರೈಸ್ತರು ಮನೆತನಕ್ಕೂ ವಿಶ್ವಾಸಕ್ಕೂ ನಡುವೆ ಒಂದನ್ನು ಆರಿಸಬೇಕಾಯಿತು. ಅರ್ಥವನ್ನು ಹೊರಗಿನಿಂದ ನಿಗದಿಮಾಡಿದುದಕ್ಕೆ ತೆತ್ತ ಬೆಲೆ ಅದು.

ವಿವೇಚನೆಯ ಮಾದರಿಗಳು ಇಲ್ಲದೆ ಇಲ್ಲ. ಪೀಕಿಂಗಿನಲ್ಲಿದ್ದ ಜೆಸುಯಿಟ್ ಪಾದ್ರಿ ಸಿಬೊ, 1779ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಪ್ರಬಂಧದಲ್ಲಿ, ದಾವ್ ಸಂನ್ಯಾಸಿಗಳ ಅಂಗಭಂಗಿಗಳನ್ನೂ ಉಸಿರಾಟದ ಕ್ರಮಗಳನ್ನೂ ಚಿತ್ರಸಹಿತ ವರ್ಣಿಸಿ, ಅವುಗಳಿಗೆ ಅಂಟಿದ ಮೂಢನಂಬಿಕೆಯನ್ನು ಬೇರೆ ಮಾಡಿ, ವೈದ್ಯಕೀಯ ಪ್ರಯೋಜನವನ್ನು ಮಾತ್ರ ತೂಗಿ ನೋಡಿದನು. 1989ರಲ್ಲಿ ವ್ಯಾಟಿಕನ್ ಹೊರಡಿಸಿದ ಪತ್ರ ಪೌರಸ್ತ್ಯ ಧ್ಯಾನಪದ್ಧತಿಗಳನ್ನು ಕುರಿತದ್ದಾದರೂ ಇಲ್ಲಿಗೂ ಅನ್ವಯಿಸುತ್ತದೆ: ದೇಹದ ಭಂಗಿ ಪ್ರಾರ್ಥನೆಗೆ ನೆರವಾಗಬಹುದು, ಆದರೆ ಅದರಿಂದ ದೊರೆಯುವ ನೆಮ್ಮದಿಯನ್ನು ಪವಿತ್ರಾತ್ಮನ ಅನುಗ್ರಹವೆಂದು ಭಾವಿಸಬಾರದು ಎಂಬುದು ಅದರ ಎಚ್ಚರಿಕೆ. ಸೇಂಟ್ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಆಹಾರವನ್ನು ಕುರಿತು ಮಾಡಿದ ವಿಚಾರವೂ ವಸ್ತುವನ್ನಷ್ಟೇ ಅಲ್ಲದೆ, ತಿನ್ನುವವನ ಅರಿವನ್ನೂ ನೋಡುವವನ ದೌರ್ಬಲ್ಯವನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ.

ಆದುದರಿಂದ ‘ತಾಯ್‌ಜಿ ಮತವೋ ವ್ಯಾಯಾಮವೋ’ ಎಂಬ ಪ್ರಶ್ನೆಯೇ ಸರಿಯಾಗಿ ರೂಪುಗೊಂಡಿಲ್ಲ. ಯಾವ ಗುರು, ಯಾವ ಪಾಠಕ್ರಮ, ಯಾವ ಉದ್ದೇಶ ಎಂದು ಕೇಳಬೇಕು. 1956ರಲ್ಲಿ ಚೀನದ ಕ್ರೀಡಾ ಆಯೋಗ ಜನರ ಆರೋಗ್ಯಕ್ಕಾಗಿ ರೂಪಿಸಿದ ಇಪ್ಪತ್ತನಾಲ್ಕು ಭಂಗಿಗಳ ಪಾಠ ನಿರೀಶ್ವರವಾದಿ ಸರ್ಕಾರದ ಕೃತಿ. ಇಂದು ಲೋಕದಲ್ಲೆಲ್ಲ ಹೆಚ್ಚಾಗಿ ಕಲಿಸುವ ಪಾಠಗಳಲ್ಲಿ ಅದೂ ಒಂದು. ಅದನ್ನು ದಾವ್ ಪೂಜೆಯೆಂದು ಭಯಪಡುವುದು ಅನಾವಶ್ಯಕ. ಅದೇ ಭಂಗಿಗಳನ್ನು ವಿಶ್ವಶಕ್ತಿಯೊಂದಿಗೆ ಐಕ್ಯ ಹೊಂದುವ ದೀಕ್ಷೆಯೆಂದು ಬೋಧಿಸುವ ಗುರುವಿನ ಮುಂದೆ ನಿಂತ ಕ್ರೈಸ್ತನಿಗೆ ಅದು ಬರಿಯ ವ್ಯಾಯಾಮವೆಂದು ಸಮಾಧಾನ ಹೇಳುವುದು ಅಪ್ರಾಮಾಣಿಕ. ಕೀಲುನೋವಿನ ಆ ವೃದ್ಧೆಗೆ ಚರಿತ್ರೆ ಕೊಡಬಹುದಾದ ನೆರವು ಇಷ್ಟೇ: ಭಯಪಡಬೇಕಾದುದು ಯಾವುದು, ಬೇಡವಾದುದು ಯಾವುದು ಎಂಬುದನ್ನು ಬೇರ್ಪಡಿಸಿ ತೋರಿಸುವುದು. ಉಳಿದುದು ಆಕೆಯ ಅಂತಃಸಾಕ್ಷಿಗೆ ಬಿಟ್ಟ ವಿಷಯ.