ಒಂದು ಗೇಣು ಮೇಲಿನ ಚಳಿ

ಪುಷ್ಯ ಮಾಸದ ರಾತ್ರಿ, ಲಕ್ಷ್ಮೇಶ್ವರದ ಸುತ್ತಿನ ಎರಿ ಹೊಲಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಥಂಡಿ ಇರುವುದು ಎಲ್ಲಿ? ಯಾರನ್ನು ಕೇಳಿದರೂ ‘ನೆಲದ ಮ್ಯಾಲೆ’ ಅನ್ನುತ್ತಾರೆ. ಪಠ್ಯಪುಸ್ತಕವೂ ಹಾಗೇ ಹೇಳುತ್ತದೆ. ಹಗಲೆಲ್ಲ ಬಿಸಿಲುಂಡ ನೆಲ ಕತ್ತಲಾದ ಮೇಲೆ ತನ್ನ ಕಾವನ್ನು ಕಣ್ಣಿಗೆ ಕಾಣದ ವಿಕಿರಣವಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಾನು ಮೊದಲು ತಣ್ಣಗಾಗಿ, ಆಮೇಲೆ ತನಗೆ ತಾಗಿದ ಗಾಳಿಯನ್ನು ತಣ್ಣಗಾಗಿಸುತ್ತದೆ. ಹಾಗಾದರೆ ಮೇಲೆ ಮೇಲೆ ಹೋದಂತೆ ಗಾಳಿ ಬೆಚ್ಚಗಾಗುತ್ತ ಹೋಗಬೇಕು. ಎಷ್ಟು ಸರಳ, ಎಷ್ಟು ಗಟ್ಟಿಮುಟ್ಟಾದ ತರ್ಕ! ಇದನ್ನು ಬರೀ ಒಂದು ಗೇಣು ಎತ್ತರದಲ್ಲಿ ಅಲುಗಾಡಿಸಿದ ಸಂಶೋಧನೆಯೊಂದಿದೆ. ಎಷ್ಟು ಸಲ ಓದಿದರೂ ನನಗೆ ಅದರ ರುಚಿ ಇಳಿದಿಲ್ಲ.

ಸೋಮೇಶ್ವರನ ಗುಡಿಯ ಕಲ್ಲಿನ ಕೆಲಸ ನೋಡುತ್ತ ಬೆಳೆದ ಊರಿನವ ನಾನು. ಕೈಚಳಕ ಕಂಡಲ್ಲಿ ಕಾಲು ತಾನಾಗಿ ನಿಲ್ಲುತ್ತದೆ. ಸಂಶೋಧನೆಯಲ್ಲೂ ಅಂಥ ನಯವಾದ, ನಿಧಾನದ, ಬೆರಳ ತುದಿಯ ಕೆಲಸ ಇದೆ ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ಈ ಗೇಣುದ್ದದ ಗಾಳಿ.

1932ರಲ್ಲಿ ಎಲ್. ಎ. ರಾಮದಾಸ್ ಮತ್ತು ಆತ್ಮನಾಥನ್ ಒಂದು ಪುಟ್ಟ ಲೇಖನ ಪ್ರಕಟಿಸಿದರು. ರಾಮದಾಸ್ ಅವರು ಸಿ. ವಿ. ರಾಮನ್ ಅವರ ಶಿಷ್ಯರು. ಪುಣೆಯಲ್ಲಿ ಹವಾಮಾನ ಇಲಾಖೆಯ ಕೃಷಿ ಹವಾಮಾನ ವಿಭಾಗವನ್ನು ಕಟ್ಟಿ ಬೆಳೆಸಿದವರು. ಗಾಳಿ ಬೀಸದ, ಮೋಡವಿಲ್ಲದ ರಾತ್ರಿಗಳಲ್ಲಿ ಬರಿಯ ನೆಲದ ಮೇಲೆ ಬೇರೆ ಬೇರೆ ಎತ್ತರದಲ್ಲಿ ಉಷ್ಣತೆ ಅಳೆದಾಗ ಅವರಿಗೆ ಕಂಡದ್ದು ಇಷ್ಟು: ಅತ್ಯಂತ ತಣ್ಣಗಿನ ಗಾಳಿ ನೆಲಕ್ಕೆ ಅಂಟಿಕೊಂಡಿಲ್ಲ. ಅದು ನೆಲದಿಂದ ಹತ್ತಾರು ಸೆಂಟಿಮೀಟರು ಮೇಲೆ ನಿಂತಿದೆ. ಕೆಳಗಿನ ನೆಲ ಅದಕ್ಕಿಂತ ಕೆಲವು ಡಿಗ್ರಿ ಬೆಚ್ಚಗೇ ಇದೆ. ಇಂದು ಜಗತ್ತಿನ ಹವಾಮಾನ ವಿಜ್ಞಾನಿಗಳು ಈ ಪದರವನ್ನು ‘ರಾಮದಾಸ್ ಪದರ’ ಎಂದೇ ಕರೆಯುತ್ತಾರೆ.

ಆದರೆ ಆಗ ಯಾರೂ ಸುಲಭಕ್ಕೆ ನಂಬಲಿಲ್ಲ. ನಂಬದಿರಲು ಒಳ್ಳೆಯ ಕಾರಣವೇ ಇತ್ತು. ತಣ್ಣಗಿನ ಗಾಳಿ ಭಾರ, ಬೆಚ್ಚಗಿನದು ಹಗುರ. ಭಾರವಾದದ್ದು ಮೇಲೆ, ಹಗುರವಾದದ್ದು ಕೆಳಗೆ ಇದ್ದರೆ ಎರಡೂ ತಲೆಕೆಳಗಾಗಿ ಬೆರೆತುಹೋಗಬೇಕು. ಲಾರ್ಡ್ ರ‍್ಯಾಲೆ 1916ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟಿದ್ದರು. ಅವರ ಹೆಸರಿನ ಸಂಖ್ಯೆಯೇ ಅದಕ್ಕೆ ಅಳತೆ. ಎರಡು ಗಟ್ಟಿ ಹಲಗೆಗಳ ನಡುವಿನ ದ್ರವದಲ್ಲಿ ಆ ಸಂಖ್ಯೆ ಸುಮಾರು 1,708 ದಾಟಿದರೆ ಸಾಕು, ಕಲಕಾಟ ಶುರು. ಹೊಲದ ಮೇಲಿನ 30 ಸೆಂಟಿಮೀಟರು ಗಾಳಿಗೆ ಎರಡು ಡಿಗ್ರಿಯ ಅಂತರ ಹಾಕಿ ನಾನು ಗುಣಿಸಿ ನೋಡಿದರೆ ಐವತ್ತು ಲಕ್ಷದ ಮೇಲೆ ಹೋಗುತ್ತದೆ! ಅಂಥ ಪದರ ಕ್ಷಣಮಾತ್ರವೂ ನಿಲ್ಲಬಾರದು. ಆದರೂ ರಾತ್ರಿ ಹೊತ್ತೆಲ್ಲ ನಿಲ್ಲುತ್ತದೆ. ಉಪಕರಣದ ದೋಷವಿರಬೇಕು ಎಂದರು ಹಲವರು. ಅನುಮಾನ ಹರಿಯಲು ಕಾಲು ಶತಮಾನ ಬೇಕಾಯಿತು. 1957ರಲ್ಲಿ ಜರ್ಮನಿಯ ರಾಷ್ಕೆ ಅದೇ ಪುಣೆಯ ಬರಿನೆಲದ ಮೇಲೆ ಬಹು ಜಾಗರೂಕತೆಯಿಂದ ಅಳೆದು, ರಾಮದಾಸ್ ಕಂಡದ್ದು ನಿಜವೆಂದು ತೋರಿಸಿದರು. ಗಾಳಿಯ ಉಷ್ಣತೆ ಅಳೆಯುವುದು ಸುಲಭ ಎಂದುಕೊಳ್ಳಬೇಡಿ. ಅಳೆಯುವ ಕಡ್ಡಿ ದಪ್ಪಗಿದ್ದರೆ ಅದೂ ಆಕಾಶಕ್ಕೆ ಕಾವು ಬಿಟ್ಟು ತಣ್ಣಗಾಗುತ್ತದೆ. ಗಾಳಿಯ ಚಳಿಯನ್ನು ಹೇಳುವ ಬದಲು ತನ್ನ ಚಳಿಯನ್ನೇ ಹೇಳಿಬಿಡುತ್ತದೆ. ತಂತಿ ಕೂದಲಿನಷ್ಟು ನವುರಾಗಿರಬೇಕು. ಈ ನವುರುತನದಲ್ಲೇ ಇಡೀ ಕಥೆಯ ಜೀವ ಇದೆ.

ಕಥೆ ಇಲ್ಲಿಂದ ಬೆಂಗಳೂರಿಗೆ ಬರುತ್ತದೆ, ವಿಜ್ಞಾನಿ ರೊದ್ದಂ ನರಸಿಂಹ ಅವರ ಹತ್ತಿರ. ಅವರ ತಂದೆ ಆರ್. ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಆಕಾಶದ ಸಂಗತಿಗಳನ್ನು ಸೊಗಸಾದ ಕನ್ನಡದಲ್ಲಿ ಬರೆದವರು. ‘ಜಗತ್ತುಗಳ ಹುಟ್ಟು ಸಾವು’ ಅವರದೇ. ಮಗ ಹಿಡಿದದ್ದು ಆಕಾಶಕ್ಕಿಂತ ಬಹಳ ಕೆಳಗಿನ ಗಾಳಿಯನ್ನು, ಮೇಲ್ಮೈಗೆ ಅಂಟಿ ಹರಿಯುವ ತೆಳುಪದರವನ್ನು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಕೈಕೆಳಗೆ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಅವರು ಮಾಡಿದ ಕೆಲಸವನ್ನು ಸವಿಯದೆ ನಾನು ಮುಂದೆ ಹೋಗಲಾರೆ.

ವಿಮಾನದ ರೆಕ್ಕೆಗೆ ತಾಗಿ ಹರಿಯುವ ಗಾಳಿ ಮೊದಲು ಶಾಂತವಾಗಿ, ಪದರ ಪದರವಾಗಿ ಜಾರುತ್ತದೆ. ಇನ್ನಷ್ಟು ಮುಂದೆ ಕ್ಷುಬ್ಧವಾಗುತ್ತದೆ. ನಡುವಿನ ಜಾಗದಲ್ಲಿ ಏನಾಗುತ್ತದೆ? ಅಲ್ಲಿ ಕೆಲವೇ ಮೈಕ್ರಾನ್ ದಪ್ಪದ, ಕಾಯಿಸಿದ ತಂತಿ ಇಟ್ಟು ನೋಡಿದರೆ ಗಾಳಿ ಒಮ್ಮೆ ಸುಮ್ಮನಿರುತ್ತದೆ, ಒಮ್ಮೆ ಗಲಗಲ ಎನ್ನುತ್ತದೆ, ಮತ್ತೆ ಸುಮ್ಮನಾಗುತ್ತದೆ. ಹಾರ್ವರ್ಡಿನ ಎಮನ್ಸ್ 1951ರಲ್ಲಿ ಇದರ ಗುಟ್ಟು ಹೇಳಿದ್ದರು: ಶಾಂತ ಹರಿವಿನಲ್ಲಿ ಕ್ಷೋಭೆಯ ಚಿಕ್ಕ ಚಿಕ್ಕ ಚುಕ್ಕೆಗಳು ಹುಟ್ಟಿ, ಹರಿವಿನ ಜೊತೆ ಸಾಗುತ್ತ ಬೆಳೆದು, ಕೊನೆಗೆ ಒಂದರೊಳಗೊಂದು ಸೇರಿಹೋಗುತ್ತವೆ. ಚುಕ್ಕೆಗಳು ಎಲ್ಲೆಂದರಲ್ಲಿ ಹುಟ್ಟುತ್ತವೆ ಎಂದು ಎಣಿಸಿದ್ದರಿಂದ ಅವರ ಲೆಕ್ಕ ಅಳತೆಗೆ ಹೊಂದಲಿಲ್ಲ. ಯುವಕ ನರಸಿಂಹ ಕೇಳಿದರು, ಎಲ್ಲ ಚುಕ್ಕೆಗಳೂ ಒಂದೇ ಕಿರಿದಾದ ಗೆರೆಯ ಮೇಲೆ ಹುಟ್ಟಿದರೆ? ಅಷ್ಟೇ. ಬೇರೆ ಬೇರೆ ಕಡೆ, ಬೇರೆ ಬೇರೆ ವೇಗದಲ್ಲಿ ಅಳೆದ ಬಿಂದುಗಳೆಲ್ಲ ಒಂದೇ ನುಣುಪಾದ ಗೆರೆಯ ಮೇಲೆ ಬಂದು ಕುಳಿತವು. ಒಟ್ಟು ಹೊತ್ತಿನ ಕಾಲು ಭಾಗ ಕ್ಷೋಭೆ ಇರುವ ಜಾಗದಿಂದ ಮುಕ್ಕಾಲು ಭಾಗ ಇರುವ ಜಾಗದವರೆಗಿನ ದೂರವನ್ನೇ ಅಳತೆಗೋಲು ಮಾಡಿಕೊಂಡರೆ, ಸೂತ್ರದಲ್ಲಿ ಉಳಿಯುವುದು 0.41 ಎಂಬ ಒಂದೇ ಒಂದು ಸಂಖ್ಯೆ. ಅದೂ ಪ್ರಯೋಗದಿಂದ ಎರವಲು ತಂದದ್ದಲ್ಲ. ಅಳತೆಗೋಲನ್ನು ಆರಿಸಿಕೊಂಡ ರೀತಿಯಿಂದಲೇ ತಾನಾಗಿ ಉದುರುತ್ತದೆ. ಕಾಗದ ಪೆನ್ನು ಹಿಡಿದು ನೀವೇ ತೆಗೆಯಬಹುದು, ಐದು ಸಾಲಿನ ಕೆಲಸ. 1957ರ ಆ ಲೇಖನ ಎರಡೇ ಪುಟ. ಮುಂದಿನ ವರ್ಷ ಧವನ್ ಅವರೊಡನೆ ಬರೆದ ದೊಡ್ಡ ಲೇಖನ ಬಂತು. ನನಗೆ ಮಾತ್ರ ಆ ಎರಡು ಪುಟಗಳೇ ಹೆಚ್ಚು ಇಷ್ಟ. ಹೇಳಬೇಕಾದದ್ದು ಇದೆ, ಹೇಳಬೇಕಾಗಿಲ್ಲದ್ದು ಒಂದು ಮಾತೂ ಇಲ್ಲ.

ಮೇಲ್ಮೈ ಮೇಲಿನ ತೆಳುಗಾಳಿಯನ್ನು ಇಷ್ಟು ಅಕ್ಕರೆಯಿಂದ ಅರಿತ ಕೈ ರಾಮದಾಸ್ ಪದರದ ಕಡೆ ಹೊರಳಿದ್ದು ನನಗೆ ಅತಿ ಸಹಜವಾಗಿ ಕಾಣುತ್ತದೆ. 1993ರಲ್ಲಿ ಎ. ಎಸ್. ವಾಸುದೇವ ಮೂರ್ತಿ, ಜೆ. ಶ್ರೀನಿವಾಸನ್ ಮತ್ತು ನರಸಿಂಹ ಮೂವರೂ ಸೇರಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ನೆಲದಿಂದ ಬಿಸಿ ಮೇಲೆ ಬರುವ ದಾರಿ ತೆರೆದೇ ಇದೆ. ಹಾಗಿದ್ದೂ ಆ ಪದರ ತಣ್ಣಗಿದೆ ಎಂದರೆ, ಬಿಸಿ ಬರುವುದಕ್ಕಿಂತ ಬೇಗ ಅಲ್ಲಿಂದ ಅದು ಖರ್ಚಾಗುತ್ತಿರಬೇಕು. ಆ ಖರ್ಚು ವಿಕಿರಣದ ಮೂಲಕ. ನೆಲ ಪರಿಪೂರ್ಣ ಕಪ್ಪುಕಾಯವಲ್ಲ, ತನ್ನ ಮೇಲೆ ಬಿದ್ದದ್ದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಆ ಸ್ವಲ್ಪದಲ್ಲೇ ತಂಪಿನ ಮೂಲ ಇದೆ ಎಂಬುದು ಅವರ ವಾದ. ಅರವತ್ತು ವರ್ಷದ ಒಗಟಿಗೆ ಉತ್ತರ ಸಿಕ್ಕಿತು ಎಂದು ಲೋಕ ತಲೆದೂಗಿತು.

ಈಗ ಬರುವುದು ನಾನು ಅತ್ಯಂತ ನಿಧಾನವಾಗಿ ಸವಿಯುವ ಭಾಗ.

ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇಂಜಿನಿಯರಿಂಗ್ ಮೆಕಾನಿಕ್ಸ್ ಘಟಕವಿದೆ. ನರಸಿಂಹ ಅವರೇ ಮುಖ್ಯಸ್ಥರಾಗಿದ್ದ ಘಟಕ. ಅಲ್ಲಿಯೇ ಕೆ. ಆರ್. ಶ್ರೀನಿವಾಸ್, ಗಣೇಶ್ ಸುಬ್ರಮಣಿಯನ್ ಮತ್ತು ಅವರೊಡನೆ ಮುಕುಂದ್, ಪೊನ್ನುಲಕ್ಷ್ಮಿ, ಸಿಂಗ್ ಆ ಸಿದ್ಧಾಂತವನ್ನು ಮತ್ತೆ ಬಿಚ್ಚಿ ನೋಡಿದರು. ನೆಲದಿಂದ ಹಿಂದಿರುಗುವ ವಿಕಿರಣ ಗಾಳಿಯಿಂದಲೇ ಬಂದದ್ದು. ಆದ್ದರಿಂದ ಗಾಳಿ ಹೀರಬಲ್ಲ ತರಂಗಗಳೇ ಅದರಲ್ಲಿ ತುಂಬಿರುತ್ತವೆ. ಹಳೆಯ ಲೆಕ್ಕ ಎಲ್ಲ ತರಂಗಗಳಿಗೂ ಒಂದೇ ಸರಾಸರಿ ಹಿಡಿದಿತ್ತು. ಆ ಸರಾಸರಿಯ ಸಂದಿಯಲ್ಲಿ, ಪ್ರಕೃತಿಯಲ್ಲಿ ಇಲ್ಲದ ತಂಪೊಂದು ಕಾಗದದ ಮೇಲೆ ಹುಟ್ಟಿಕೊಂಡಿತ್ತು. ತರಂಗ ತರಂಗವನ್ನೂ ಬೇರೆ ಮಾಡಿ ಲೆಕ್ಕ ಹಾಕಿದಾಗ ಆ ತಂಪು ಕರಗಿಹೋಯಿತು. ಗುರುಗಳ ಮನೆಯ ಅಂಗಳದಲ್ಲೇ ಗುರುಗಳ ಲೆಕ್ಕವನ್ನು ತಿದ್ದಿದ ಈ ಪ್ರಾಮಾಣಿಕತೆ, ಎಷ್ಟು ನಿರ್ಮಲ!

ಹಾಗಾದರೆ ಚಳಿ ತಂದವರು ಯಾರು? ಧೂಳು, ಹೊಗೆ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣ ಎಂದರು ಅವರು. ಇಂಥ ಕಣಗಳು ನೆಲದ ಹತ್ತಿರ ದಟ್ಟವಾಗಿರುತ್ತವೆ. ಗಾಳಿಯ ಅನಿಲಗಳು ಕೆಲವೇ ತರಂಗಗಳಲ್ಲಿ ಕಾವು ಬಿಡಬಲ್ಲವು. ಕಣಗಳು ಅನಿಲಗಳಿಗೆ ಮುಚ್ಚಿದ ತರಂಗಗಳಲ್ಲೂ ಬಿಡುತ್ತವೆ. ಪ್ರತಿ ಕಣವೂ ತಣ್ಣಗಾಗಿ ತನ್ನ ಸುತ್ತಿನ ಗಾಳಿಯನ್ನು ತಣ್ಣಗಾಗಿಸುತ್ತದೆ. 2010ರ ಅವರ ಲೇಖನ ಇದನ್ನು ‘ರಾಮದಾಸ್ ವಿರೋಧಾಭಾಸ’ ಎಂದೇ ಹೆಸರಿಸಿ ಕೈಗೆತ್ತಿಕೊಂಡಿತು. ಬರೀ ಮಾತಿಗೆ ನಿಲ್ಲದೆ ಬಯಲಲ್ಲಿ ಅಳೆದರು, ಪ್ರಯೋಗಾಲಯದೊಳಗೂ ಚಿಕ್ಕದೊಂದು ರಾತ್ರಿಯನ್ನು ಕಟ್ಟಿದರು: ಮೇಲೆ ಆಕಾಶದ ಬದಲಿಗೆ ತಣ್ಣನೆಯ ಹೊದಿಕೆ, ಕೆಳಗೆ ನೆಲ, ನಡುವೆ ನಿಂತ ಗಾಳಿ. ಪೆಟ್ಟಿಗೆಯೊಳಗೂ ತಂಪು ನೆಲ ಬಿಟ್ಟು ಮೇಲೆ ಎದ್ದು ನಿಂತಿತು. ಆಮೇಲೆ ಗಾಳಿಯನ್ನು ಸೋಸಿ ಕಣಗಳನ್ನು ತೆಗೆದರು. ಸಾರಿನ ಘಮ ಎಲ್ಲಿಂದ ಬಂತೆಂದು ತಿಳಿಯಲು ಅವ್ವ ಒಮ್ಮೆ ಇಂಗು ಬಿಟ್ಟು ಒಗ್ಗರಣೆ ಹಾಕಿ ನೋಡಿದ ಹಾಗೆ. ಮೇಲೆ ನಿಂತಿದ್ದ ಆ ತಂಪು ಮಾಯ. 2014ರಲ್ಲಿ ಇದು ಪ್ರಕಟವಾಯಿತು. ಎಂಬತ್ತು ವರ್ಷಗಳ ಒಗಟಿನ ಎದುರು ಒಂದು ಸೋಸುಜಾಲರಿ. ಇದಕ್ಕಿಂತ ಸರಳವೂ ಸುಂದರವೂ ಆದ ಪ್ರಯೋಗವನ್ನು ನಾನು ಕಂಡಿಲ್ಲ.

ಇದರಿಂದ ಏನುಪಯೋಗ ಎನ್ನುವವರಿಗೆ ಉತ್ತರ ದೇವನಹಳ್ಳಿಯಲ್ಲಿದೆ. ಚಳಿಗಾಲದ ಬೆಳಗಿನ ಮಂಜು ವಿಮಾನಗಳನ್ನು ತಡೆಯುವ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇದೇ ಕೇಂದ್ರದ ತಂಡ ನೆಲದ ಹತ್ತಿರದ ಗಾಳಿಯನ್ನು ಅಳೆದಿದೆ. ಮಂಜು ಯಾವಾಗ ಕವಿಯುತ್ತದೆ ಎಂದು ಮುಂಚೆಯೇ ಹೇಳುವ ದಾರಿ ಹುಡುಕಲೆಂದೇ ಆ ಅಳತೆ. ಅದು ದೊಡ್ಡ ಕೆಲಸವೇ. ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ ಎರಿ ಹೊಲಕ್ಕೇ ಬರುತ್ತದೆ.

ನಮ್ಮ ಭಾಗಕ್ಕೆ ಬಂದವರ ಕಣ್ಣು ಕಪ್ಪತಗುಡ್ಡದ ಗಾಳಿಯಂತ್ರಗಳ ಮೇಲೆ. ಬೀಸುವ ಗಾಳಿಗೆ ಬೆಲೆ ಇದೆ, ಸರಿ. ಬೀಸದ ಗಾಳಿಗೂ ಇದೆ. ಲಕ್ಷ್ಮೇಶ್ವರದಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಇಂಜಿನಿಯರಿಂಗ್ ಕಾಲೇಜಿದೆ. ಊರು ದಾಟಿದರೆ ಕಣ್ಣು ಹಾಯುವಷ್ಟು ಸಪಾಟು ಹೊಲ. ಕಡಲೆ ಕಿತ್ತು, ಬಿಳಿಜೋಳ ಕೊಯ್ದ ಮೇಲೆ ಅದು ಬರಿನೆಲವೇ. ಮೇಲೆ ಒಣಗಿ ಬಿರಿದ ಹೆಂಟೆ, ಕೆಳಗೆ ಇನ್ನೂ ಉಳಿದ ಹಸಿ. ಕೆಂಪು ನೆಲಕ್ಕಿಂತ ಬೇರೆಯೇ ಸ್ವಭಾವ. ಹುಡುಗರು ಇಲ್ಲಿ ಅಳೆಯಲಿ ಎಂದು ನನಗೆ ಆಸೆ. ಒಂದು ಕೋಲು ಸಾಕು, ಅದಕ್ಕೆ 2, 5, 10, 20, 30, 50 ಸೆಂಟಿಮೀಟರಿನಲ್ಲಿ ಒಂದೊಂದು ಉಷ್ಣಯುಗ್ಮ, ಅಂದರೆ ಉಷ್ಣತೆ ಅಳೆಯುವ ಜೋಡಿ ತಂತಿ. ತಂತಿ ಸಿಕ್ಕಷ್ಟೂ ನವುರಾದದ್ದಿರಲಿ. ಸುಗ್ಗಿಯಲ್ಲಿ ಕಣದ ಹೊಟ್ಟು ತೂರಿದ ರಾತ್ರಿಯೂ ಅಳೆಯಲಿ, ಅಕಾಲದ ಮಳೆ ಬಂದು ಧೂಳು ಕುಳಿತ ಮರುದಿನದ ರಾತ್ರಿಯೂ ಅಳೆಯಲಿ. ಎರಡು ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆದು ಪಕ್ಕಪಕ್ಕ ಇಟ್ಟು ನೋಡಬೇಕು. ಮಳೆ ನೆಲದ ಹಸಿಯನ್ನೂ ಬದಲಿಸಿರುತ್ತದೆ, ಆದ್ದರಿಂದ ನೆಲದ ಒಳಗೂ ಒಂದೆರಡು ತಂತಿ ಹೂಳುವುದನ್ನು ಮರೆಯಬಾರದು.