ನರಿಗೂ ಹಾವಸೆಗೂ ಒಂದೇ ಅಳತೆಗೋಲು ಸಾಕೆ?

ಅಳಿವಿನಂಚಿನ ಜೀವಿಗಳನ್ನು ಹೆಸರಿಸಿ ಎಂದರೆ ವಿದ್ಯಾರ್ಥಿಗಳು ಪ್ರಾಣಿಗಳನ್ನಷ್ಟೇ ಪಟ್ಟಿ ಮಾಡುತ್ತಾರೆ. ಹಾವಸೆ ಯಾರಿಗೂ ನೆನಪಾಗುವುದಿಲ್ಲ. ಆದರೆ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿ ಎರಡನ್ನೂ ಒಂದೇ ಮಾನದಂಡಗಳಿಂದ ತೂಗುತ್ತದೆ. ಇದು ಎಷ್ಟರಮಟ್ಟಿಗೆ ಸರಿ? ಎರಡು ಉದಾಹರಣೆಗಳನ್ನು ನೋಡೋಣ.

ಕ್ಯಾಲಿಫೋರ್ನಿಯದ ಚಾನಲ್ ದ್ವೀಪಗಳಲ್ಲಿ ಮಾತ್ರ ಇರುವ ದ್ವೀಪ ನರಿ ಬೆಕ್ಕಿನಷ್ಟು ದೊಡ್ಡದು. ಕಾಡುಬಿದ್ದ ಸಾಕುಹಂದಿಗಳ ಮರಿಗಳನ್ನು ತಿನ್ನಲು ಬಂದು ನೆಲೆಸಿದ ಗೋಲ್ಡನ್ ಈಗಲ್ ಹದ್ದುಗಳು 1990ರ ದಶಕದಲ್ಲಿ ನರಿಗಳನ್ನೂ ಬೇಟೆಯಾಡಿದವು. ಸಾನ್ ಮಿಗೆಲ್ ದ್ವೀಪದಲ್ಲಿ ಉಳಿದದ್ದು ಕೇವಲ 15 ನರಿ. ಅಂಕಿ ಕುಸಿದದ್ದು ಕೂಡಲೇ ಕಣ್ಣಿಗೆ ಬಿತ್ತು. ಹದ್ದುಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದರು, ಹಂದಿಗಳನ್ನು ನಿರ್ಮೂಲ ಮಾಡಿದರು, ನರಿಗಳನ್ನು ಆವರಣಗಳಲ್ಲಿ ಸಾಕಿ ಮರಿಮಾಡಿಸಿ ಬಿಟ್ಟರು. 2004ರಲ್ಲಿ ಅಮೆರಿಕದ ಅಪಾಯದ ಪಟ್ಟಿಗೆ ಸೇರಿದ ನಾಲ್ಕು ಉಪಪ್ರಭೇದಗಳಲ್ಲಿ ಮೂರು 2016ರಲ್ಲಿ ಅದರಿಂದ ಹೊರಬಂದವು.

ಇಂಗ್ಲೆಂಡಿನ ಡರ್ಬಿಶೈರ್‌ನ ಥ್ಯಾಮ್ನೋಬ್ರಿಯಂ ಅಂಗುಸ್ಟಿಫೋಲಿಯಂ ಎಂಬ ಹಾವಸೆಯ ಕಥೆ ಬೇರೆ. ಅದು ಬೆಳೆಯುವುದು ಒಂದೇ ಕಣಿವೆಯಲ್ಲಿ, ಒರತೆ ನೀರು ತೋಯಿಸುವ ಸುಣ್ಣಕಲ್ಲಿನ ಕೆಲವೇ ಚದರ ಮೀಟರ್ ಮೇಲೆ. ನರಿಯಂತೆ ತಲೆ ಎಣಿಸಲು ಇಲ್ಲಿ ಬಿಡಿ ಜೀವಿ ಯಾವುದು? ಹೆಣೆದುಕೊಂಡ ಕಾಂಡಗಳಲ್ಲಿ ಒಂದು ಸಸ್ಯ ಮುಗಿದು ಇನ್ನೊಂದು ಶುರುವಾಗುವುದೆಲ್ಲಿ ಎಂದು ಹೇಳುವುದು ಕಷ್ಟ. ಆದ್ದರಿಂದ ವಿಸ್ತೀರ್ಣವನ್ನು ಆಶ್ರಯಿಸಬೇಕಾಗುತ್ತದೆ.

ತೊಡಕು ಇರುವುದೂ ಇಲ್ಲಿಯೇ. ಐಯುಸಿಎನ್ ಸೂಚಿಸುವ ಚೌಕದ ಬದಿ 2 ಕಿ.ಮೀ. ಜೀವಿ ಅದರ ಒಂದು ಮೂಲೆಯಲ್ಲಿದ್ದರೂ ಲೆಕ್ಕಕ್ಕೆ ಸಿಗುವುದು 4 ಚದರ ಕಿ.ಮೀ. ನಾಳೆ ಅರ್ಧ ಹಾವಸೆ ಒಣಗಿದರೂ ಈ ಅಂಕಿ ಬದಲಾಗದು! ಬೇರೆ ಬೇರೆ ಪ್ರಭೇದಗಳನ್ನು ಹೋಲಿಸಲು ಏಕರೂಪದ ಚೌಕ ಬೇಕು ಎಂಬುದು ನಿಜ. ನೆಲೆಯ ಗುಣಮಟ್ಟದ ಕುಸಿತಕ್ಕೂ ಮಾನದಂಡಗಳಲ್ಲಿ ಜಾಗವಿದೆ. ಆದರೆ ಆ ಕುಸಿತ ತಿಳಿಯಲು ಹಾವಸೆಯನ್ನು ಗುರುತಿಸಬಲ್ಲವರು ಬಂಡೆಯ ಬಳಿಗೇ ಹೋಗಿ ಮತ್ತೆ ಮತ್ತೆ ಅಳೆಯಬೇಕು. ಅಂಥ ತಜ್ಞರು ವಿರಳ.

ಪರಿಹಾರವೂ ಒಂದೇ ಅಲ್ಲ. ನರಿಯ ಶತ್ರುವನ್ನು ದ್ವೀಪದಿಂದ ಹೊರಗೆ ಸಾಗಿಸಲು ಸಾಧ್ಯವಾಯಿತು. ಹಾವಸೆಗೆ ಒರತೆಯೇ ಜೀವ. ನೀರು ಬತ್ತಿದರೆ ಅಥವಾ ಕೆಟ್ಟರೆ, ಬಂಡೆಗೆ ಬೇಲಿ ಹಾಕಿ ಪ್ರಯೋಜನವಿಲ್ಲ. ಅದನ್ನು ಉಳಿಸುವುದೆಂದರೆ ಒರತೆಗೆ ನೀರುಣಿಸುವ ಇಡೀ ಪ್ರದೇಶವನ್ನು ಕಾಯುವುದು.

ಕೆಂಪು ಪಟ್ಟಿ ಉಪಯುಕ್ತ ಸಾಧನ, ಸಂದೇಹವಿಲ್ಲ. ಆದರೆ ತರಗತಿಯಲ್ಲಿ ಅದನ್ನು ಬಳಸುವ ಶಿಕ್ಷಕರು 'ಎಷ್ಟು ಉಳಿದಿವೆ?' ಎಂದು ಕೇಳುವ ಮೊದಲು 'ಎಣಿಸಿದ್ದು ಏನನ್ನು?' ಎಂದು ಕೇಳುವುದು ಒಳ್ಳೆಯದು.