ಮುಸಾಫಿರಖಾನೆಯ ಜಗಲಿ

ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಇಳಿದವನಿಗೆ ಹೊಸದುರ್ಗ ಕಾಣುವುದಿಲ್ಲ. ಊರು ಮುಟ್ಟಲು ಮತ್ತೆ ಬಸ್ಸು ಹತ್ತಬೇಕು. ರೈಲ್ವೆಯವರ ಭಾಷೆಯಲ್ಲಿ 'ರೋಡ್' ಎಂದರೆ ಊರು ಇಲ್ಲಿಲ್ಲ, ಊರಿನ ದಾರಿ ಇಲ್ಲಿದೆ ಎಂದರ್ಥ. (ಕಾಸರಗೋಡಿನವರ ಹೊಸದುರ್ಗ ಬೇರೆ, ಅದು ಕಾಞಂಗಾಡು.)

ನಮ್ಮ ಜಿಲ್ಲೆಯ ರೈಲಿನ ಕಥೆಯೇ ಹೀಗೆ. 1876-78ರ ಭೀಕರ ಬರದ ನಂತರ ಮೈಸೂರು ಸೀಮೆಯಲ್ಲಿ ಹಳಿ ಹಾಕುವ ಕೆಲಸ ಚುರುಕಾಯಿತು. 1884ರಲ್ಲಿ ತುಮಕೂರಿಗೆ ರೈಲು ಬಂತು. ಮುಂದೆ ಸದರ್ನ್ ಮರಾಠಾ ಕಂಪನಿ ಅದನ್ನು ಹರಿಹರದತ್ತ ಒಯ್ದಿತು. ಬೀರೂರು ದಾಟಿ ಹೊಳಲ್ಕೆರೆಯನ್ನು ಮುಟ್ಟಿದ ಆ ಹಳಿ ಚಿತ್ರದುರ್ಗವನ್ನು ಬಿಟ್ಟು ಹೋಯಿತು. ಪಾಳೆಯಗಾರರ ಕೋಟೆಯ ಊರಿಗೆ ರೈಲು ಬಂದದ್ದು 1920ರ ದಶಕದಲ್ಲಿ, ಅದೂ ಚಿಕ್ಕಜಾಜೂರಿನಿಂದ ಸುಮಾರು 34 ಕಿ.ಮೀ.ನ ಕವಲಾಗಿ.

ಮೀಟರ್ ಗೇಜ್ ಕಾಲದ ಸಣ್ಣ ನಿಲ್ದಾಣಗಳಿಗೆ ಕಮಾನು, ಗೋಪುರಗಳ ಆಡಂಬರ ಇರಲಿಲ್ಲ. ದಪ್ಪ ಗೋಡೆ, ಇಳಿಜಾರು ಮಾಡು, ಟಿಕೆಟ್ ಕೊಡುವ ಪುಟ್ಟ ಕಿಂಡಿ, ಉದ್ದನೆಯ ಜಗಲಿ. ಕಟ್ಟಿದವರ ಲೆಕ್ಕ ಖರ್ಚಿನದ್ದಾಗಿರಬಹುದು, ಆದರೆ ಬಯಲುಸೀಮೆಯ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. ಚಿಕ್ಕಜಾಜೂರಿನಲ್ಲಿ ರೈಲು ಬದಲಿಸಲು ಗಂಟೆಗಟ್ಟಲೆ ಕಾದವರಿಗೆ ನೆರಳಿನ ಬೆಲೆ ಗೊತ್ತು. ಉರ್ದುವಿನಲ್ಲಿ ಇಂಥ ಜಾಗಕ್ಕೆ ಮುಸಾಫಿರಖಾನಾ ಎನ್ನುತ್ತೇವೆ. ಪಯಣಿಗನ ಮನೆ. 'ನಿರೀಕ್ಷಣಾ ಕೊಠಡಿ' ಎಂಬ ಸರಕಾರಿ ಕನ್ನಡದಲ್ಲಿ ಆ ಮನೆ ಉಳಿಯಲಿಲ್ಲ.

ಬ್ರಾಡ್ ಗೇಜ್ ಬಂದಾಗ ಪ್ಲಾಟ್‌ಫಾರ್ಮ್‌ಗಳನ್ನು ಎತ್ತರಿಸಿದರು. ಎಷ್ಟೋ ಕಡೆ ಹಳೆಯ ಕಟ್ಟಡಗಳು ತಗ್ಗಿನಲ್ಲಿ ಉಳಿದವು. ಈಗ ಅಮೃತ ಭಾರತ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿ ಚಿತ್ರದುರ್ಗವೂ ಇದೆ. ಇಂಥ ಯೋಜನೆಗಳ ಬಗ್ಗೆ ನನ್ನ ತಕರಾರು ಒಂದೇ: ಹಣವೆಲ್ಲ ಮುಖಕ್ಕೆ ಹೋಗುತ್ತದೆ. ಕೋಟೆಯ ಊರಾದರೆ ಸಿಮೆಂಟಿನ ಕೋಟೆಬಾಗಿಲು ಅಂಟಿಸುವ ಆಸೆ ಹುಟ್ಟುತ್ತದೆ. ಒಳಗೆ ಗಂಟುಮೂಟೆ ಇಟ್ಟುಕೊಂಡು ಕೂತ ಹೆಂಗಸಿಗೆ ಆ ಬಾಗಿಲಿನಿಂದ ಏನಾಗಬೇಕು? ಅವಳಿಗೆ ಬೇಕಾದದ್ದು ನೀರು, ಬೀಗ ಹಾಕದ ಶೌಚಾಲಯ, ರಾತ್ರಿ ಬೆಳಕು.

ಹಿರಿಯೂರಿಗೆ ಇನ್ನೂ ರೈಲಿಲ್ಲ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ದಾವಣಗೆರೆಗೆ ನೇರ ಮಾರ್ಗ 2011-12ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾಯಿತು. ಅದು ಮುಗಿದಾಗ ಹಿರಿಯೂರು ತನ್ನ ಮೊದಲ ನಿಲ್ದಾಣವನ್ನು ನೋಡುತ್ತದೆ. ನಮ್ಮ ಶಾಸಕರು, ಪತ್ರಕರ್ತರು ಕೇಳುತ್ತಿರುವುದು ರೈಲು ಯಾವಾಗ ಎಂದು ಮಾತ್ರ. ನಿಲ್ದಾಣದ ನಕ್ಷೆಯನ್ನು ಕಂಡವರು ಯಾರಾದರೂ ಇದ್ದರೆ, ಜಗಲಿ ಎಷ್ಟು ಅಡಿ ಅಗಲವಿದೆ ಎಂದು ದಯವಿಟ್ಟು ತಿಳಿಸಿ.